ನಾನು ಬಚ್ಚಲಲ್ಲಿ ಬಿದ್ದದ್ದು

ಜೂನ್ ೧೧, ಮಂಗಳವಾರ. ಮಧ್ಯಾಹ್ನ

ಚೈತುಗೆ ಎಣ್ಣೆ, ನೀರು, ಸಾಂಬ್ರಾಣಿ ಎಲ್ಲ ಆಯಿತು. ಮಲಗಿದಳು. ಉಸಿರಾಡುತ್ತಿದ್ದಾಳಾ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಎಚ್ಚರವಾಯಿತು. ಮತ್ತೆ ಮಲಗಿಸಿದೆ. ಏಳು ತಿಂಗಳಿಂದ ಇದೇ ಉದ್ಯೋಗ. ಎಂ.ಎಸ್ಸಿ. ಬಾಟನಿ ಓದಿದ್ದು ಯಾಕೋ.

ಬಲ ಮಣಿಕಟ್ಟು ಇವತ್ತು ಜಾಸ್ತಿ. ಮಗು ಎತ್ತುವಾಗ ಒಳಗೆ ಯಾರೋ ಸ್ಕ್ರೂ ತಿರುಗಿಸಿದ ಹಾಗೆ. ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಹೋದ ತಿಂಗಳೇ ಹೇಳಿದ್ದಾರೆ — ಹೊಸ ತಾಯಂದಿರಿಗೆಲ್ಲ ಬರುವುದು, ಹೆಬ್ಬೆರಳಿನ ಬುಡದಲ್ಲಿ ಊತ, ಪಟ್ಟಿ ಹಾಕಿಕೊಳ್ಳಿ, ಮಗು ಎತ್ತಬೇಡಿ. ಎತ್ತಬೇಡಿ ಎಂದು ನನಗೆ ಹೇಳಿದರು. ಚೈತುಗೆ ಯಾರು ಹೇಳುವುದು?

ಬಲಗೈ ಬಳೆ ಬರುತ್ತಿಲ್ಲ. ಅತ್ತೆ ಸೋಪು ಹಚ್ಚಿ ಎಳೆದರು. ಪ್ರಾಣ ಬಾಯಿಗೆ ಬಂತು.

"ಮೈ ತುಂಬ್ಕೊಂಡಿದೀಯ ಕಣೇ ವಾಣಿ. ಬಾಣಂತನದ ತುಪ್ಪ ಇವಾಗ ಹತ್ತಿದೆ. ಒಳ್ಳೇದೇ ಬುಡು."

ನಾದಿನಿ ಲಾಸ್ಯ ಮೊಬೈಲಿನಿಂದ ತಲೆ ಎತ್ತದೆ — "ಒಂದೇ ಕೈ ದಪ್ಪ ಆಗುತ್ತೇನಮ್ಮಾ? ಎಡಗೈ ಡಯಟ್ ಮಾಡ್ತಿದ್ಯಾ?"

ಅತ್ತೆ ಸೋಪಿನ ಕೈ ತೊಳೆಯಲು ಹೋದರು. ಎರಡೂ ಕೈ ಪಕ್ಕಪಕ್ಕ ಇಟ್ಟು ನೋಡಿದೆ. ನೋಡಬಾರದಿತ್ತು.

ಜೂನ್ ೧೭, ಸೋಮವಾರ

ಯೋಗಿ ಫ್ಯಾಕ್ಟರಿಯಿಂದ ವರ್ನಿಯರ್ ಕ್ಯಾಲಿಪರ್ ತಂದರು. ಮೇಟಗಳ್ಳಿಯಲ್ಲಿ ಕ್ವಾಲಿಟಿ ಸೆಕ್ಷನ್ನು. ಮದುವೆಯಾದಾಗಿನಿಂದ ಎಲ್ಲವನ್ನೂ ಅಳೆಯುತ್ತಾರೆ, ಇಡ್ಲಿಯನ್ನೂ. ಎಡ ಮಣಿಕಟ್ಟು ಅಳೆದರು. ಬಲ ಅಳೆದರು. ಮತ್ತೆ ಅಳೆದರು. ಮುಖ ಸಣ್ಣದಾಯಿತು.

"ಟಾಲರೆನ್ಸ್ ದಾಟಿದೆ ಕಣೇ."

"ಅಂದರೆ?"

"ನಮ್ಮಲ್ಲಾಗಿದ್ರೆ ರಿಜೆಕ್ಟ್ ಬಾಕ್ಸಿಗೆ ಹಾಕ್ತಿದ್ವಿ."

ಗಂಡ ಇಷ್ಟೊಂದು ಸಮಾಧಾನ ಹೇಳಿದ ಮೇಲೆ ನಿದ್ದೆ ಎಲ್ಲಿಂದ ಬರಬೇಕು.

ಜೂನ್ ೨೦, ಗುರುವಾರ

ಮೂಳೆ ಡಾಕ್ಟರು. ಡಾ. ಸುಂದರೇಶ. ಹಣೆ ಅಗಲ, ಮಾತು ನಿಧಾನ. ಎಕ್ಸ್‌ರೇ ತೆಗೆಸಿದರು. ಫಿಲ್ಮು ದೀಪಕ್ಕೆ ಹಿಡಿದು ಬಹಳ ಹೊತ್ತು "ಹ್ಞೂಂ" ಎಂದರು. ಡಾಕ್ಟರುಗಳು ಹಾಗೆ ಹ್ಞೂಂ ಎನ್ನುವುದನ್ನು ಕಾನೂನು ಮಾಡಿ ನಿಲ್ಲಿಸಬೇಕು.

ಕೈ ಮೂಳೆಯ ತುದಿ, ಮಣಿಕಟ್ಟಿನ ಹತ್ತಿರ, ಸೋಪಿನ ನೊರೆಯ ಹಾಗೆ. ಗುಳ್ಳೆ ಗುಳ್ಳೆ. ಸುತ್ತ ತೆಳ್ಳನೆಯ ಗೆರೆ.

"ಜೈಂಟ್ ಸೆಲ್ ಟ್ಯೂಮರ್ ಅನ್ಸುತ್ತೆ. ಸೂಜಿ ಹಾಕಿ ಚೂರು ತೆಗೆದು ಖಾತ್ರಿ ಮಾಡ್ಕೋಬೇಕು. ಟ್ಯೂಮರ್ ಅಂದ ತಕ್ಷಣ ಅಳಬೇಡಿ ಅಮ್ಮ. ಇದು ಕ್ಯಾನ್ಸರ್ ಅಲ್ಲ."

ಅಳು ನಿಲ್ಲಿಸಿದೆ.

"ಹಂಗಂತ ಪಾಪದ್ದೂ ಅಲ್ಲ. ಇದ್ದ ಕಡೆನೇ ಇದ್ದು ಮೂಳೆ ತಿನ್ನುತ್ತೆ."

ಮತ್ತೆ ಶುರು ಮಾಡಿದೆ.

ಯೋಗಿ ಕೇಳಿದರು — "ಸರ್, ಇದು ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟಾ, ಯೂಸೇಜ್ ಪ್ರಾಬ್ಲಮ್ಮಾ?" ಡಾಕ್ಟರು ಫಿಲ್ಮು ಕೆಳಗಿಟ್ಟರು. ಎರಡೂ ಅಲ್ಲವಂತೆ. ಮಗು ಎತ್ತಿದ್ದಕ್ಕೆ ಬಂದದ್ದಲ್ಲ, ತುಪ್ಪಕ್ಕೆ ಬಂದದ್ದಲ್ಲ. ನನ್ನ ವಯಸ್ಸಿನವರಿಗೇ ಹೆಚ್ಚು ಬರುತ್ತದೆ ಅಷ್ಟೆ.

ಆಮೇಲೆ ಮುಖ್ಯವಾದದ್ದು ಹೇಳಿದರು. ಆ ತೆಳ್ಳನೆಯ ಗೆರೆ ಇದೆಯಲ್ಲ, ಅದೇ ಈಗ ಉಳಿದಿರುವ ಮೂಳೆ. ಅದು ಒಡೆಯದೆ ಇದ್ದರೆ ಒಳಗಿನದನ್ನು ಕೆರೆದು ತೆಗೆದು, ಸಿಮೆಂಟ್ ತುಂಬಿ, ಕೀಲು ಉಳಿಸಬಹುದು. ಒಡೆದು ಕೀಲಿಗೆ ಹರಡಿದರೆ ಆ ತುದಿಯನ್ನೇ ಕತ್ತರಿಸಿ ತೆಗೆಯಬೇಕಾಗಬಹುದು. ಕಾಲಿನಿಂದ ಮೂಳೆ ತೆಗೆದು ಕೈಗೆ ಜೋಡಿಸುವುದು. ಕೈ ಇರುತ್ತದೆ. ಮಣಿಕಟ್ಟು ಮಡಚುವುದಿಲ್ಲ.

"ಭಾರ ಎತ್ತಬೇಡಿ. ತಿರುಚಬೇಡಿ. ಎಣ್ಣೆ ಹಾಕಿ ನೀವಿಸಬೇಡಿ. ಈ ಕೈನ ಯಾರ ಕೈಗೂ ಕೊಡಬೇಡಿ."

ಮಡಚದ ಕೈಯಲ್ಲಿ ಚೈತುವನ್ನು ಹೇಗೆ ಎತ್ತುವುದು? ಆಟೋದಲ್ಲಿ ಬರುವಾಗ ಎಡ ಮಣಿಕಟ್ಟನ್ನು ಮಡಚದ ಹಾಗೆ ಬಿಗಿ ಮಾಡಿ, ಟವೆಲ್ ಸುತ್ತಿದ ನನ್ನ ಬ್ಯಾಗನ್ನು ಮಗುವಿನ ಹಾಗೆ ಆ ಕೈಯಿಂದ ಎತ್ತಿ ನೋಡಿದೆ. ಬ್ಯಾಗು ಬಿತ್ತು. ಡ್ರೈವರ್ ತಿರುಗಿ ನೋಡಿದ.

ಜೂನ್ ೨೧, ಶುಕ್ರವಾರ

ಮನೆಯಲ್ಲಿ ಮೀಟಿಂಗ್. ಅಡುಗೆಮನೆಯಲ್ಲಿ, ಕುಕ್ಕರ್ ಕೂಗುವಾಗ, ಪಕ್ಕದ ಮನೆಗೆ ಕೇಳಬಾರದೆಂದು.

ಲಾಸ್ಯಳಿಗೆ ಚಾಮರಾಜಪುರಂನ ಸಂಬಂಧ ಮಾತಾಗುತ್ತಿದೆ. ಹುಡುಗ ಅಭಿಲಾಷ್, ತಂದೆ ಮಹದೇವಪ್ರಸಾದ್, ನಿವೃತ್ತ ಹೆಡ್‌ಮಾಸ್ಟರ್. ಅತ್ತೆ ಸೌಟು ಹಿಡಿದು ನಿಂತರು.

"ಗೆಡ್ಡೆ ಅಂದ್ರೆ ಜನ ಏನಂತಾರೆ ಗೊತ್ತಲ್ಲ. ಕ್ಯಾನ್ಸರ್ ಅಲ್ಲ ಅಲ್ಲ ಅಂತ ಮನೆಮನೆಗೆ ಹೋಗಿ ಹೇಳಕ್ಕಾಯ್ತದಾ? ಬಚ್ಚಲಲ್ಲಿ ಜಾರಿ ಬಿದ್ಲು, ಮೂಳೆ ಮುರೀತು. ಮುಗೀತು."

"ಅಮ್ಮಾ, ಸುಳ್ಳು ಯಾಕೆ?" — ಲಾಸ್ಯ.

"ನಿನ್ನ ಮದ್ವೆಗೆ ಕಣೇ, ನನ್ನ ಮದ್ವೆಗಾ?"

ಎಲ್ಲರೂ ನನ್ನ ಮುಖ ನೋಡಿದರು. ತಲೆ ಆಡಿಸಿದೆ. ನಿಜ ಹೇಳಬೇಕೆಂದರೆ ನನಗೂ ಹಗುರವಾಯಿತು. ಬಿದ್ದೆ ಎನ್ನುವುದು ಎಷ್ಟು ಮರ್ಯಾದೆಯ ಮಾತು. ಎಲ್ಲರೂ ಬೀಳುತ್ತಾರೆ.

ಜೂನ್ ೨೬, ಬುಧವಾರ

ಕೃಷ್ಣಮೂರ್ತಿಪುರಂಗೆಲ್ಲ ನಾನು ಬಿದ್ದ ಸುದ್ದಿ ತಲುಪಿದೆ. ಬಂದವರೆಲ್ಲ ಮೊದಲು ಬಚ್ಚಲು ನೋಡುತ್ತಾರೆ, ಆಮೇಲೆ ನನ್ನನ್ನು. ಯೋಗಿಗೆ ಬೈಗುಳ — ಇಂಥ ನುಣುಪು ಟೈಲ್ಸ್ ಯಾರಾದರೂ ಹಾಕಿಸುತ್ತಾರಾ. ಪಾಪ, ನಾನು ಬೀಳದ ಬಚ್ಚಲಿಗೆ ರಬ್ಬರ್ ಮ್ಯಾಟ್ ತಂದು ಹಾಸಿದರು. ಅತ್ತೆ ಅದಕ್ಕೆ ಎಡವಿ ನಿಜವಾಗಿಯೂ ಬೀಳುವುದರಲ್ಲಿದ್ದರು.

ಎಂ.ಆರ್.ಐ. ಆಯಿತು. ಸೂಜಿ ಹಾಕಿ ಚೂರು ತೆಗೆದದ್ದೂ ಆಯಿತು. ಹೊಸ ಬ್ಯಾಂಡೇಜು ನೋಡಿ ಎದುರು ಮನೆಯ ಸುಮಾ ಕೇಳಿದಳು. ಅತ್ತೆ ತಡಮಾಡಲಿಲ್ಲ.

"ಮತ್ತೆ ಬಿದ್ಲು ಕಣಮ್ಮ."

ಎದೆಯ ಸಿ.ಟಿ. ತೆಗೆಸಲು ಹೋಗುವಾಗ ಗೇಟಿನಲ್ಲಿ ಇನ್ನೊಬ್ಬರು ಕೇಳಿದರು. ಅಪರೂಪಕ್ಕೆ ಶ್ವಾಸಕೋಶಕ್ಕೂ ಹೋಗುವುದುಂಟಂತೆ, ಅದಕ್ಕೆ ನೋಡುತ್ತಾರೆ ಎಂದು ಹೇಳಲಾಗುತ್ತದೆಯೇ? ಮೂರನೇ ಸಲ ಬಿದ್ದೆ. ರಕ್ತ ಪರೀಕ್ಷೆಗೆ ಹೋದ ದಿನ ನಾಲ್ಕನೇ ಸಲ.

ಜುಲೈ ೨, ಮಂಗಳವಾರ

ರಿಪೋರ್ಟು ಬಂತು. ಅದೇ. ಜೈಂಟ್ ಸೆಲ್. ಎದೆ ಸ್ವಚ್ಛ. ರಕ್ತದಲ್ಲಿ ಕ್ಯಾಲ್ಸಿಯಂ, ಅದರ ಹಾರ್ಮೋನು ಎಲ್ಲ ಸರಿ — ಗ್ರಂಥಿಯ ಒಂದು ಕಾಯಿಲೆಯೂ ಎಕ್ಸ್‌ರೇಯಲ್ಲಿ ಹೀಗೇ ಕಾಣುತ್ತದಂತೆ, ಅದಲ್ಲ. ಗೆಡ್ಡೆ ಗಟ್ಟಿಯಾಗಿಸುವ ಒಂದು ಇಂಜೆಕ್ಷನ್ ಇದೆ, ಹಾಲು ಕುಡಿಸುತ್ತಿರುವವರಿಗೆ ಬೇಡ, ನೇರ ಆಪರೇಷನ್ ಮಾಡೋಣ ಎಂದರು. ಈ ತಿಂಗಳ ಕೊನೆಗೆ ದಿನ.

"ಮೂಳೆ ಇನ್ನೂ ಒಡೆದಿಲ್ಲ. ಅಲ್ಲೀವರೆಗೂ ಹಂಗೇ ಕಾಪಾಡ್ಕೊಳ್ಳಿ."

ಯೋಗಿ ಕೇಳಿದ್ದು — "ಸರ್, ಸಿಮೆಂಟ್ ಯಾವ ಗ್ರೇಡು?"

ಮನೆಗೆ ಬಂದರೆ ಅತ್ತೆಯ ಪ್ರಶ್ನೆ — "ಆಮೇಲೆ ನೀರು ಉಣಿಸ್ಬೇಕಾ? ಮೇಲ್ಗಡೆ ರೂಮು ಕಟ್ಟಿಸ್ದಾಗ ಮೂರು ವಾರ ಗೋಣಿಚೀಲ ನೆನೆಸಿ ಹೊದಿಸಿದ್ವಿ."

ಮಗು ಎತ್ತುತ್ತಿಲ್ಲ. ಅತ್ತೆ ತಂದು ಮಡಿಲಲ್ಲಿ ಇಡುತ್ತಾರೆ, ಹಾಲು ಕುಡಿಯುತ್ತಾಳೆ, ಎತ್ತಿಕೊಂಡು ಹೋಗುತ್ತಾರೆ. ಥಿಯೇಟರಿನಲ್ಲಿ ಆಟ ಮುಗಿದೊಡನೆ ಸೀಟು ಬಿಡಿಸಿದ ಹಾಗೆ. ಹೋಗುವಾಗ ಚೈತು ಅವರ ಭುಜದ ಮೇಲಿನಿಂದ ನನ್ನನ್ನು ನೋಡುತ್ತಾಳೆ. ನಾನು ನಗುತ್ತೇನೆ. ಆಮೇಲೆ ನಗುವುದಿಲ್ಲ.

ಜುಲೈ ೫, ಶುಕ್ರವಾರ

ಲಾಸ್ಯ ಬಾಗಿಲು ಹಾಕಿಕೊಂಡು ಬಂದಳು. ಅಭಿಲಾಷ್ ಫೋನ್ ಮಾಡಿದ್ದನಂತೆ.

"ಅತ್ತಿಗೆ, ನೀವು ನಾಲ್ಕು ಸಲ ಬಿದ್ರಿ ಅಂತ ಅವರಮ್ಮಂಗೆ ಗೊತ್ತಾಗಿದೆ. ಒಬ್ರು ಅಷ್ಟ್ ಸಲ ಸುಮ್ಸುಮ್ನೆ ಬೀಳ್ತಾರಾ, ಫಿಟ್ಸ್ ಇರ್ಬೇಕು ಅಂತಿದಾರಂತೆ. ಭಾನುವಾರ ನೋಡಕ್ಕೆ ಬರ್ತಿದಾರೆ."

"ನಿನ್ನನ್ನಾ?"

"ನಿಮ್ಮನ್ನ!"

ಅತ್ತೆಗೆ ಹೇಳಿದಳು. ಅತ್ತೆ ಪೂರ್ತಿ ಒಂದು ನಿಮಿಷ ಯೋಚಿಸಿ — "ಹಂಗಾದ್ರೆ ಭಾನುವಾರ ಬೀಳ್ಬೇಡ" ಎಂದರು.

ಜುಲೈ ೭, ಭಾನುವಾರ. ಸಂಜೆ

ನಡೆದದ್ದನ್ನು ಕ್ರಮವಾಗಿ ಬರೆಯಬೇಕು.

ಊಟ ಮುಗಿದಿತ್ತು. ಯೋಗಿ ಬೇಕರಿಗೆ ಹೋಗಿದ್ದರು. ಬೆಲ್ಲು. ನೋಡಿದರೆ ಹುಡುಗನ ಕಡೆಯವರಲ್ಲ — ಅತ್ತೆಯ ಅಣ್ಣ, ರೇವಣಸಿದ್ದ ಮಾವ. ನಂಜನಗೂಡಿನ ಕಡೆಯವರು. ಅವರಿಗೂ ಯಾರೂ ನಿಜ ಹೇಳಿಲ್ಲ. ಜೊತೆಗೆ ಮೂಳೆ ಕಟ್ಟುವ ಲಿಂಗಯ್ಯ. ಕಂಕುಳಲ್ಲಿ ಬಿದಿರಿನ ದಬ್ಬೆ, ಕೈಯಲ್ಲಿ ಟವೆಲ್ ಗಂಟು.

"ಡಾಕ್ಟ್ರು ತಿಂಗಳುಗಟ್ಲೆ ಆಟ ಆಡಿಸ್ತಾರೆ ಕಣಮ್ಮ. ಲಿಂಗಯ್ಯ ಒಂದ್ ಎಳೆತ ಎಳೆದ್ರೆ ಮೂಳೆ ಜಾಗಕ್ಕೆ ಬಂದ್ಬುಡ್ತದೆ."

ಗಂಟು ಬಿಚ್ಚಿದರು. ಮೊಟ್ಟೆಗಳು. ಅತ್ತೆ ಎದೆ ಮೇಲೆ ಕೈಯಿಟ್ಟುಕೊಂಡರು. ಈ ಮನೆ ಹೊಸಿಲು ಇದುವರೆಗೆ ಮೊಟ್ಟೆ ದಾಟಿಲ್ಲ. ಕೇಕನ್ನೂ ವಿಚಾರಣೆ ಮಾಡಿಯೇ ಒಳಗೆ ಬಿಡುವುದು.

"ಏನಣ್ಣಾ ಇದು! ಇಂಥಾ ಮನೇಗೆ!"

ಲಿಂಗಯ್ಯ ಸಮಾಧಾನ ಮಾಡಿದರು. "ತಿನ್ನಕ್ಕಲ್ಲ ತಾಯಿ, ಪಟ್ಟಿಗೆ ಹಚ್ಚಕ್ಕೆ. ಬಿಳೀದು ಮಾತ್ರ."

"ಹಳದೀದು?"

"ಅದು ನಂಗೆ."

ಅಷ್ಟರಲ್ಲಿ ಮತ್ತೆ ಬೆಲ್ಲು. ನಾಲ್ಕಕ್ಕೆ ಬರಬೇಕಿದ್ದವರು ಮೂರಕ್ಕೇ. ಅತ್ತೆ ಇಷ್ಟು ವೇಗವಾಗಿ ಚಲಿಸಿದ್ದನ್ನು ನಾನು ನೋಡಿಲ್ಲ. ಮೊಟ್ಟೆ ಗಂಟು ತೊಟ್ಟಿಲಿಗೆ ಹೋಯಿತು, ಅದರ ಮೇಲೆ ಚೈತುವಿನ ಬಟ್ಟೆ ಬಿತ್ತು, ಬಾಗಿಲು ತೆರೆಯಿತು, "ಬನ್ನಿ ಬನ್ನಿ" ಆಯಿತು.

ಮಹದೇವಪ್ರಸಾದ್ ಅವರು, ಅವರ ಹೆಂಡತಿ, ಅಭಿಲಾಷ್. ಆಕೆಯ ಕೈಯಲ್ಲಿ ದೊಡ್ಡ ಬೀಗದ ಕೈ ಗೊಂಚಲು. ಕೂತರೂ ಬಿಡಲಿಲ್ಲ. ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿದರು, ಗೊಂಚಲು ಬಲಗೈಯಲ್ಲೇ. ನಾನು ಎದ್ದರೆ ಆಕೆಯೂ ಎದ್ದರು. ನಾನು ಕೂತರೆ ಕೂತರು. ಆಮೇಲೆ ಹೊಳೆಯಿತು — ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುತ್ತಾರಲ್ಲ. ಸಿದ್ಧವಾಗಿಯೇ ಬಂದಿದ್ದಾರೆ.

ರೇವಣಸಿದ್ದ ಮಾವನಿಗೆ ಸಭೆ ಸಿಕ್ಕಿತು.

"ಬೀಗರಾಗೋರೂ ಇದೀರಿ, ಒಳ್ಳೇದೇ ಆಯ್ತು. ನಿಮ್ಮೆದ್ರುಗೇ ಆಗೋಗ್ಲಿ. ಲಿಂಗಯ್ಯ, ನೋಡು."

ಬೇಡ ಎನ್ನುವಷ್ಟರಲ್ಲಿ ಲಿಂಗಯ್ಯ ನನ್ನ ಬಲಗೈ ಹಿಡಿದಾಗಿತ್ತು. ಹೆಬ್ಬೆರಳು ಸರಿಯಾಗಿ ಊತದ ಮೇಲೆ. ಒತ್ತಿದರು. ಕಣ್ಣಿಗೆ ಕತ್ತಲೆ.

"ಹ್ಞಾಂ. ಜಾಗ ತಪ್ಪಿಬುಟ್ಟದೆ. ಮಗಾ, ಒಸಿ ಆ ಕಡೆ ನೋಡು."

ಅತ್ತೆಯನ್ನು ನೋಡಿದೆ. ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾರೆ. ಬಾಯಿ ತೆರೆದಿದೆ, ಮಾತಿಲ್ಲ. ಅವರ ಕಣ್ಣು ನನ್ನ ಕೈಗೆ, ಲಾಸ್ಯಳಿಗೆ, ಹೆಡ್‌ಮಾಸ್ಟರಿಗೆ, ಮತ್ತೆ ನನ್ನ ಕೈಗೆ. ಲಿಂಗಯ್ಯ ಪಾದ ಊರಿ ಎಳೆಯಲು ಸರಿಯಾಗಿ ನಿಂತರು.

"ಬಿಡೀ...!"

ನನ್ನ ಗಂಟಲಲ್ಲಿ ಅಷ್ಟು ದೊಡ್ಡ ಧ್ವನಿ ಇದೆಯೆಂದು ಗೊತ್ತಿರಲಿಲ್ಲ. ತಕ್ಷಣ ಹುಡುಗನ ತಾಯಿ ಹಾರಿ ಬಂದು ನನ್ನ ಎಡಗೈಗೆ ಗೊಂಚಲು ತುರುಕಿದರು. "ಗಟ್ಟಿಯಾಗಿ ಹಿಡ್ಕೊಳಮ್ಮಾ! ಹಿಡ್ಕೊ!"

ಒಂದು ಕೈ ಲಿಂಗಯ್ಯನ ಹತ್ತಿರ, ಇನ್ನೊಂದರಲ್ಲಿ ಚಾಮರಾಜಪುರಂನ ಅಷ್ಟೂ ಬೀಗದ ಕೈ.

"ನನಗೆ ಫಿಟ್ಸ್ ಇಲ್ಲ! ಮೂಳೆ ಮುರಿದಿಲ್ಲ! ಒಂದು ಸಲವೂ ಬಿದ್ದಿಲ್ಲ! ಅದು ಗೆಡ್ಡೆ! ಎಳೆದರೆ ಈಗ ಮುರಿಯುತ್ತೆ!"

ಲಿಂಗಯ್ಯ ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೈಬಿಟ್ಟರು. "ಗೆಡ್ಡೆ ನಂದಲ್ಲಪ್ಪ. ನಂದೇನಿದ್ರೂ ಮುರಿದದ್ದು" ಎಂದು ರೇವಣಸಿದ್ದ ಮಾವನ ಹಿಂದೆ ಹೋಗಿ ನಿಂತರು.

ಲಾಸ್ಯ ನೆಲ ನೋಡುತ್ತಿದ್ದಳು. ಮುಗಿಯಿತು, ನನ್ನಿಂದಲೇ ಮುಗಿಯಿತು ಅಂದುಕೊಂಡೆ. ಆದರೂ ಕೈ ಎದೆಗೆ ಒತ್ತಿಕೊಂಡೇ ಇದ್ದೆ. ಇನ್ನೊಮ್ಮೆ ಯಾರಾದರೂ ಹಿಡಿದರೆ ಇನ್ನೊಮ್ಮೆ ಕೂಗುತ್ತಿದ್ದೆ.

ಮಹದೇವಪ್ರಸಾದ್ ಅವರು ಕನ್ನಡಕ ಸರಿಮಾಡಿಕೊಂಡರು. "ಅಂದ್ರೆ, ಫಿಟ್ಸ್ ಇಲ್ವಾ?"

"ಇಲ್ಲ."

"ಕ್ಯಾನ್ಸರ್ರು?"

"ಅದೂ ಅಲ್ಲ. ಆಪರೇಷನ್ ಮಾಡ್ತಾರೆ."

"ಅಷ್ಟೇನಾ? ಮೊದ್ಲೇ ಹೇಳೋದಲ್ವೇನಮ್ಮಾ. ಎಕ್ಸ್‌ರೇ ಇದ್ಯಾ? ತೋರ್ಸಿ."

ಆಕೆ ನನ್ನ ಕೈಯಿಂದ ಗೊಂಚಲು ವಾಪಸು ತೆಗೆದುಕೊಂಡರು. ಎಕ್ಸ್‌ರೇ ಕಿಟಕಿಗೆ ಹಿಡಿದು ಎಲ್ಲರೂ ನೋಡಿದರು. ಲಿಂಗಯ್ಯನೂ. ಅತ್ತೆಯ ಮುಖದಲ್ಲಿ ಜೀವ ಬಂತು. ಆ ಸಂತೋಷದಲ್ಲಿ ಲಾಸ್ಯ ಕಂಕುಳಲ್ಲಿದ್ದ ಚೈತುವನ್ನು ತೊಟ್ಟಿಲಲ್ಲಿ ಕೂರಿಸಿದಳು.

ಕರಕ್.

ಚೈತು ಬಟ್ಟೆಯ ಕೆಳಗಿನಿಂದ ಒಂದು ಮೊಟ್ಟೆ ಹೊರಗೆಳೆದು, ನೋಡಿ, ಹೆಡ್‌ಮಾಸ್ಟರರ ಪಾದದ ಬಳಿ ಎಸೆದಳು.

"ಮೊಟ್ಟೆ!" ಎಂದರು ಅವರು. ಗೆಡ್ಡೆ ಎಂದಾಗ ಈ ಧ್ವನಿ ಇರಲಿಲ್ಲ. ಅತ್ತೆಯ ಕಡೆ ತಿರುಗಿದರು. "ಸುಮಿತ್ರಮ್ಮೋರೇ. ಈ ಮನೇಲಿ ಮೊಟ್ಟೆ?"

ಅತ್ತೆ ಬಾಯಿ ತೆರೆದರು. ಆ ಮುಖ ನನಗೆ ಗೊತ್ತು. ಇನ್ನು ಮೊಟ್ಟೆಯೂ ಬಚ್ಚಲಲ್ಲಿ ಜಾರಿ ಬೀಳಲಿದೆ.

ಬೀಳಲಿಲ್ಲ. ಅಷ್ಟರಲ್ಲಿ ಅಭಿಲಾಷ್ ಮಾತಾಡಿದ. ಬಂದಾಗಿನಿಂದ ಅವನ ಮೊದಲ ಮಾತು.

"ಅಪ್ಪ, ಬುಡಿ. ನಾನು ದಿನಾ ಆಫೀಸ್ ಕ್ಯಾಂಟೀನಲ್ಲಿ ಆಮ್ಲೆಟ್ ತಿಂತೀನಿ."

ಅವರ ಜಗಳ ನಮ್ಮ ಗೇಟು ದಾಟಿ ಕಾರಿನೊಳಗೆ ಹೋದರೂ ಕೇಳಿಸುತ್ತಿತ್ತು. ಲಾಸ್ಯ ನೆಲ ಒರೆಸುತ್ತಾ ಹೇಳಿದಳು — "ಅತ್ತಿಗೆ, ಮದ್ವೆ ಆಗೋದಾದ್ರೆ ಇವರನ್ನೇ."

ಯೋಗಿ ಬೇಕರಿಯಿಂದ ಕೇಕ್ ತಂದರು. ಎಗ್‌ಲೆಸ್.

ಈಗ ಒಂದೇ ಯೋಚನೆ. ಲಿಂಗಯ್ಯ ಒತ್ತಿದ ಜಾಗ ಉರಿಯುತ್ತಿದೆ. ಒತ್ತಿದ್ದಕ್ಕೇ ಒಡೆಯಿತಾ?

ಜುಲೈ ೮, ಸೋಮವಾರ

ಹೊಸ ಎಕ್ಸ್‌ರೇ. ಡಾಕ್ಟರು ಹ್ಞೂಂ ಎಂದರು. ಅತ್ತೆಯೂ ಬಂದಿದ್ದರು. ನಾನು ಹೇಳುವ ಮೊದಲೇ ಅವರೇ ಎಲ್ಲ ಒಪ್ಪಿಸಿದರು — ಬಚ್ಚಲು, ಅಣ್ಣ, ಲಿಂಗಯ್ಯ. ಮೊಟ್ಟೆ ಬಿಟ್ಟು.

ಒಂದು ಕಡೆ ಕೂದಲಿನಂಥ ಗೆರೆ. ಅದು ಬಿರುಕೋ, ಮೊದಲೇ ಇತ್ತೋ, ತೆರೆದು ನೋಡಿದರೆ ಗೊತ್ತಾಗುವುದು. ತಿಂಗಳ ಕೊನೆವರೆಗೆ ಕಾಯುವುದು ಬೇಡ, ಈ ಗುರುವಾರವೇ ಎಂದರು. ಕೀಲಿನ ಮೇಲ್ಮೈ ಚೆನ್ನಾಗಿದ್ದರೆ ಸಿಮೆಂಟ್. ಹೋಗಿದ್ದರೆ ಕಾಲಿನ ಮೂಳೆ. ಎರಡಕ್ಕೂ ಸಹಿ ಹಾಕಿದೆ. ಇದೇ ಕೈಯಲ್ಲಿ.

ಹೊರಗೆ ಬಂದು ಅತ್ತೆ ಬೆಂಚಿನ ಮೇಲೆ ಕೂತರು. "ತಟ್ಟೆ ಹಿಡ್ಕೊಂಡು ನಿಂತ್ಬುಟ್ಟೆ ಕಣೇ. ಬಾಯೇ ಬರ್ಲಿಲ್ಲ."

"ಇರಲಿ ಬಿಡಿ ಅತ್ತೆ."

"ಏನ್ ಇರ್ಲಿ. ಒಂದ್ ಉಪ್ಪಿಟ್ಟಿನ ತಟ್ಟೆ ಎಸೆದಿದ್ರೂ ಆಗ್ತಿತ್ತು."

ಜುಲೈ ೧೩

ಎಡಗೈ. ಅಕ್ಷರ ಚೈತು ಬರೆದ ಹಾಗೆ.

ಆಪರೇಷನ್ ಮುಗಿದು ಎಚ್ಚರವಾದಾಗ ಮೊದಲು ಕೈ ನೋಡಲಿಲ್ಲ. ಹೊದಿಕೆ ಎತ್ತಿ ಕಾಲು ನೋಡಿದೆ. ಪಟ್ಟಿ ಇದ್ದರೆ ಮಣಿಕಟ್ಟು ಹೋದಂತೆ.

ಎರಡು ಬರಿಗಾಲು. ಒಡೆದ ಹಿಮ್ಮಡಿ. ಇಷ್ಟು ಚೆಂದದ ಕಾಲು ಎಲ್ಲೂ ನೋಡಿಲ್ಲ.

ಜುಲೈ ೨೧, ಭಾನುವಾರ

ಎಡಗೈ ಪಳಗುತ್ತಿದೆ. ಡಾಕ್ಟರು ಹೇಳಿದ್ದು — ಮೂಳೆಗೆ ಕಿಟಕಿ ಕೊರೆದು ಒಳಗಿನದೆಲ್ಲ ಕೆರೆದರು, ಪುಟ್ಟ ಯಂತ್ರದಿಂದ ಗೋಡೆ ಉಜ್ಜಿದರು, ಔಷಧಿ ಹಾಕಿ ಸುಟ್ಟರು, ಸಿಮೆಂಟ್ ತುಂಬಿ ಪ್ಲೇಟ್ ಹಾಕಿದರು. ಸಿಮೆಂಟ್ ಗಟ್ಟಿಯಾಗುವಾಗ ಬಿಸಿಯಾಗುತ್ತದಂತೆ, ಅಡಗಿದ್ದ ಜೀವಕೋಶ ಇದ್ದರೆ ಆ ಬಿಸಿಗೂ ಸಾಯುತ್ತವಂತೆ. ಬಿರುಕು ಕೀಲಿಗೆ ತಲುಪಿರಲಿಲ್ಲ. ಮತ್ತೆ ಬರಬಹುದು, ಕೆಲವು ವರ್ಷ ಕಣ್ಣಿಟ್ಟಿರಬೇಕು.

ನಿಮಿಷಗಳಲ್ಲೇ ಗಟ್ಟಿಯಾಯಿತು ಎಂದದ್ದಕ್ಕೆ ಅತ್ತೆಗೆ ನಂಬಿಕೆ ಬಂದಿಲ್ಲ. ನೀರೇ ಉಣಿಸದೆ ಯಾವ ಸಿಮೆಂಟು ನಿಲ್ಲುತ್ತದೆ? ನನಗೆ ದಿನಾ ಎರಡು ಎಳನೀರು ಕುಡಿಸುತ್ತಿದ್ದಾರೆ. ಒಳಗಿನಿಂದಾದರೂ ತಲುಪಲಿ ಎಂದು.

ಸೆಪ್ಟೆಂಬರ್ ೩, ಮಂಗಳವಾರ

ಪಟ್ಟಿ ಬಿಚ್ಚಿದರು. ಕೈ ಒಣಗಿದ ನುಗ್ಗೆಕಾಯಿ. ಮಡಚಿ ಎಂದರು. ಮಡಚಿತು — ಸ್ವಲ್ಪ. ಯೋಗಿ ಕೋನ ಅಳೆದರು. ಮಗು ಎತ್ತಲು ಇನ್ನೂ ಬೇಡ.

ಚೈತು ಗೋಡೆ ಹಿಡಿದು ನಿಲ್ಲುತ್ತಾಳೆ. ಬಿದ್ದರೆ ಅಜ್ಜಿಯ ಕಡೆ ಕೈ ಚಾಚುತ್ತಾಳೆ. ನಾನು ಪಕ್ಕದಲ್ಲೇ ಇದ್ದರೂ. ಅವಳದೇನು ತಪ್ಪು.

ಅಕ್ಟೋಬರ್ ೧೭, ಗುರುವಾರ

ದಸರಾ ಮುಗಿದು ರಸ್ತೆ ಖಾಲಿ. ಆಸ್ಪತ್ರೆಗೆ ಬೇಗ ತಲುಪಿದೆವು. ಎಕ್ಸ್‌ರೇ ಚೆನ್ನಾಗಿದೆ, ಮತ್ತೆ ಬಂದ ಗುರುತಿಲ್ಲ. ಇನ್ನು ಎತ್ತಬಹುದು ಎಂದರು!

ಮನೆಯಲ್ಲಿ ಅತ್ತೆ ಸುತ್ತ ಹಾಸಿಗೆ ಹಾಸಿದರು. ಯೋಗಿ ಕೆಳಗೆ ಕೈಯೊಡ್ಡಿ ಕೂತರು. ಲಾಸ್ಯ ವಿಡಿಯೋ ಕಾಲಿನಲ್ಲಿ ಅಭಿಲಾಷನನ್ನೂ ಸೇರಿಸಿಕೊಂಡಳು. ಎತ್ತಿದೆ. ಭಾರ. ಏನೂ ಆಗಲಿಲ್ಲ. ಮಹಾರಾಣಿ ಒದ್ದಾಡಿ, ಕೂಗಿ, ಅಜ್ಜಿಯ ಹತ್ತಿರ ಹೋದಳು. ಎಲ್ಲರೂ ನಕ್ಕರು. ನಾನೂ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ.

ಅಕ್ಟೋಬರ್ ೨೪, ಗುರುವಾರ. ಬೆಳಗ್ಗೆ

ಬಲಗೈಯಲ್ಲಿ ಬರೆಯುತ್ತಿದ್ದೇನೆ. ಅರ್ಧ ಪುಟಕ್ಕೆ ಸುಸ್ತು. ಅತ್ತೆ ಅಡುಗೆಮನೆಯಲ್ಲಿ ರಾಗಿ ಸರಿ ತಿರುವುತ್ತಿದ್ದಾರೆ. ಚೈತು ನೆಲದ ಮೇಲೆ ಡಬ್ಬಿ ಬಡಿಯುತ್ತಿದ್ದಾಳೆ. ಒಂದು ವಾರದಿಂದ ಕರೆಯುವುದನ್ನೇ ಬಿಟ್ಟಿದ್ದೇನೆ. ಬಂದಾಗ ಬರಲಿ.

ಮುಚ್ಚಳ ಬೆರಳಿಗೆ ಸಿಕ್ಕಿತು. ತುಟಿ ಅದುರುತ್ತಿದೆ. ಅಡುಗೆಮನೆ ಕಡೆ ನೋಡಿದಳು... ಈ ಕಡೆ ನೋಡಿದಳು. ಗೋಡೆ ಹಿಡಿದು ಎದ್ದಳು. ಗೋಡೆ ಬಿಟ್ಟು ಬರುತ್ತಿದ್ದಾಳೆ. ನನ್ನ ಸೀರೆ ಹಿಡಿದಳು. ಎರಡೂ ಕೈ ಮೇಲಕ್ಕೆ.

ಅಳು ಕೇಳಿ ಅತ್ತೆ ಸೌಟು ಹಿಡಿದೇ ಓಡಿ ಬರುತ್ತಿದ್ದಾರೆ. ಬೇಡ ಅತ್ತೆ, ಅಲ್ಲೇ ಇರಿ, ನಾನೇ —